ಆನೆಯ ಕಣ್ಣೀರು, ನಾಯಿಯ ನಡುಕ

ಕೇಳುಗರಿಗೆ ನಮಸ್ಕಾರ.

ದುಬಾರೆಯಲ್ಲಿ ಹೊಳೆ ದಾಟಿ ಸಾಕಾನೆ ನೋಡಲು ಹೋದವರು, ಅದರ ಕಣ್ಣಿನ ಕೆಳಗೆ ನೀರಿಳಿದದ್ದು ಕಂಡು "ಪಾಪ, ಅಳುತ್ತಿದೆ" ಅನ್ನುವುದುಂಟು. ನಮ್ಮ ಕಣ್ಣೀರಿಗೆ ಕಣ್ಣಿನ ಮೂಲೆಯಿಂದ ಮೂಗಿಗೆ ಇಳಿಯಲು ಸಣ್ಣದೊಂದು ನಾಳವಿದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಆನೆಗೆ ಆ ನಾಳವಿಲ್ಲ. ಹಾಗಾಗಿ ಕಣ್ಣಿನ ತೇವವೆಲ್ಲ ಹೊರಗೇ ಹರಿಯುತ್ತದೆ, ಸಂತೋಷವಾಗಿದ್ದಾಗಲೂ. ಕಣ್ಣಿಗೂ ಕಿವಿಗೂ ನಡುವೆ ಕಪ್ಪಗೆ ಜಿನುಗುತ್ತಿದ್ದರೆ ಅದು ಮದ. ಗಂಡಾನೆಯಲ್ಲಿ ಅದು ಕಂಡರೆ ಮರುಗುತ್ತಾ ನಿಲ್ಲಬೇಡಿ, ದೂರ ಸರಿಯಿರಿ.

ಹಾಗೆಂದು ಆನೆಗೆ ಸಂಕಟವೇ ಆಗುವುದಿಲ್ಲವೆಂದಲ್ಲ. ನಾವು ಹುಡುಕುವ ಜಾಗ ತಪ್ಪು. ಥಾಯ್ಲೆಂಡಿನಲ್ಲಿ 26 ಆನೆಗಳನ್ನು ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಂದು ಆನೆ ಬೆದರಿ ಕಿವಿ ಮುಂದೆ ಮಾಡಿ ಬಾಲ ನಿಗುರಿಸಿದರೆ, ಜೊತೆಯ ಆನೆ ಹತ್ತಿರ ಬಂದು ಸೊಂಡಿಲಿನಿಂದ ಅದರ ಮುಖ ಸವರುತ್ತದೆ, ತುದಿಯನ್ನು ಬಾಯೊಳಗೆ ಇಡುತ್ತದೆ. ಸಂತೈಸುವುದು ಎಂದರೆ ಇದೇ ಅಲ್ಲವೇ?

ಹೆದರಿಕೆಯ ವಿಷಯದಲ್ಲಂತೂ ಸಂಶಯವೇ ಬೇಡ. ಅದನ್ನು ಎಬ್ಬಿಸುವ ಮಿದುಳಿನ ಭಾಗ, ಬಾದಾಮಿ ಗಾತ್ರದ ಅಮಿಗ್ಡಲ, ನಮ್ಮಲ್ಲಿರುವಂತೆ ನಾಯಿಯಲ್ಲೂ ದನದಲ್ಲೂ ಇದೆ. ಆಗ ರಕ್ತಕ್ಕೆ ಸೇರುವ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳೂ ಅವೇ.

ಆದರೆ ತಪ್ಪಿತಸ್ಥ ಭಾವನೆ? ಚಪ್ಪಲಿ ಕಚ್ಚಿದ ನಾಯಿ ತಲೆ ತಗ್ಗಿಸಿದರೆ "ಅದಕ್ಕೆ ಗೊತ್ತು" ಅನ್ನುತ್ತೇವೆ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ನಡೆಸಿದ ಪರೀಕ್ಷೆ 2009ರಲ್ಲಿ ಹೊರಬಂತು. ತಿನ್ನಬೇಡವೆಂದ ತಿಂಡಿಯನ್ನು ತಿಂದಿದೆಯೋ ಇಲ್ಲವೋ, ಯಜಮಾನ ಬೈದರೆ ಸಾಕು, ನಾಯಿ ಆ ಮುಖ ಮಾಡುತ್ತಿತ್ತು. ಅಂದರೆ ನಾವು ಪಶ್ಚಾತ್ತಾಪ ಎಂದು ಓದುವುದು ನಮ್ಮ ಸಿಟ್ಟಿಗೆ ಅದು ಕೊಡುವ ಉತ್ತರ. ಗಂಟೆ ಕಳೆದ ಮೇಲೆ ಹೊಡೆದರೆ ಅದು ಚಪ್ಪಲಿಯ ಪಾಠವನ್ನಲ್ಲ, ನಿಮಗೆ ಹೆದರುವುದನ್ನು ಕಲಿಯುತ್ತದೆ.

ಇದು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಉಪಯೋಗಕ್ಕೆ ಬರುವ ಮಾತು. ಕದಿರು ತೆಗೆಯುವಾಗ ಕೋವಿ ಹಾರುತ್ತದೆ, ಪಟಾಕಿ ಸಿಡಿಯುತ್ತದೆ. ಸೆಕೆಯಿಲ್ಲದೆ ಏದುಸಿರು, ನಿದ್ದೆಯಿಲ್ಲದೆ ಆಕಳಿಕೆ, ಮತ್ತೆ ಮತ್ತೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವುದು: ನಾಯಿಯ ಭಯ ನಡುಕಕ್ಕೆ ಮೊದಲೇ ಹೀಗೆ ಶುರುವಾಗುತ್ತದೆ. ಕತ್ತಲಾಗುವ ಮುಂಚೆ ಸುತ್ತಾಡಿಸಿ, ಊಟ ಹಾಕಿ, ಒಳಕೋಣೆಗೆ ಸೇರಿಸಿ. ಕಿಟಕಿ ಮುಚ್ಚಿ, ನೀರಿಡಿ, ರೇಡಿಯೋ ಹಚ್ಚಿ. ಅಂಗಳದಲ್ಲಿ ಸರಪಳಿ ಹಾಕಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು: ಎಳೆದಾಡಿ ಕುತ್ತಿಗೆ ಗಾಯ ಮಾಡಿಕೊಳ್ಳುತ್ತದೆ, ಕಿತ್ತುಕೊಂಡರೆ ಕತ್ತಲಲ್ಲಿ ಕಾಫಿ ತೋಟದೊಳಗೆ ಓಡುತ್ತದೆ. ಮುದ್ದಿಸಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಅದು ಪಕ್ಕಕ್ಕೆ ಬಂದರೆ ಬೆನ್ನು ಸವರುತ್ತಾ ಕೂರಿ. ಮನುಷ್ಯರ ನಿದ್ದೆ ಮಾತ್ರೆ ಮಾತ್ರ ಕೊಡಲೇಬೇಡಿ. ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ವಾರ ಮೊದಲೇ ಪಶುವೈದ್ಯರನ್ನು ಕೇಳಿ.

ಬೆಳಿಗ್ಗೆ ಕೋಣೆಯಲ್ಲಿ ಉಚ್ಚೆ ಕಂಡರೆ ಸುಮ್ಮನೆ ಒರೆಸಿಬಿಡಿ. ಗಾಬರಿಯಲ್ಲಿ ಹಿಡಿತ ತಪ್ಪಿರುತ್ತದೆ, ಮಕ್ಕಳಿಗೆ ತಪ್ಪುವ ಹಾಗೆಯೇ.