ಉಣ್ಣುವಾಗಿನ ಮನಸ್ಸು

ಸಭಿಕರಿಗೆ ನಮಸ್ಕಾರ. ಹೊಟ್ಟೆ ಕೆಟ್ಟಿದೆ ಎಂದವರನ್ನು ಚಿಕ್ಕಮಗಳೂರಿನ ಯಾವ ಮನೆಯಲ್ಲಾದರೂ ಮೊದಲು ಕೇಳುವುದು ‘ಏನು ತಿಂದಿರಿ?’ ಎಂದು. ತಿನ್ನುವಾಗ ಮನಸ್ಸು ಹೇಗಿತ್ತು ಎಂದು ಕೇಳುವವರು ಅಪರೂಪ. ಆ ಪ್ರಶ್ನೆಯೂ ಅಷ್ಟೇ ಮುಖ್ಯವೆಂಬುದು ನನ್ನ ದೃಢವಾದ ನಂಬಿಕೆ.

ಯೋಗವಾಸಿಷ್ಠದ ನಿರ್ವಾಣ ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ ಹೇಳುವಂತೆ, ಮನಸ್ಸಿನ ಕಳವಳವಾದ ಆಧಿಯಿಂದ ಪ್ರಾಣದ ಸಂಚಾರ ಏರುಪೇರಾಗುತ್ತದೆ; ಅದರಿಂದ ಅನ್ನವು ಕುಜೀರ್ಣವೋ (ಕೆಟ್ಟದಾಗಿ ಅರಗಿದ್ದು) ಅಜೀರ್ಣವೋ (ಅರಗದ್ದು) ಅತಿಜೀರ್ಣವೋ (ಅತಿಯಾಗಿ ಅರಗಿದ್ದು) ಆಗಿ, ಕಡೆಗೆ ವ್ಯಾಧಿಯಾಗಿ ದೇಹದಲ್ಲಿ ತಲೆದೋರುತ್ತದೆ. ಆಯುರ್ವೇದದ ಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗವಂತೂ ಮಿತವಾಗಿ ಉಂಡ ಪಥ್ಯದ ಅನ್ನವೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ದೆಗೇಡುಗಳಿದ್ದರೆ ಅರಗದು ಎನ್ನುತ್ತದೆ. ಅನ್ನ ಒಳ್ಳೆಯದೇ, ಅಳತೆಯೂ ಸರಿಯೇ, ಆದರೂ ಅರಗದು!

ಮೂಡಿಗೆರೆ ಕಡೆಯ ಪರಿಚಿತ ಬೆಳೆಗಾರರೊಬ್ಬರ ಮನೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರವಿತ್ತು, ಮೋಡ ಕವಿದಿತ್ತು. ಅಕ್ಕಿರೊಟ್ಟಿ ಮುರಿದ ಅವರ ಕೈ ಬಾಯಿಗೆ ಹೋಗುವ ಮುನ್ನವೇ ನಿಲ್ಲುತ್ತಿತ್ತು, ದೃಷ್ಟಿ ಬಾಗಿಲಾಚೆಯ ಆಕಾಶದಲ್ಲಿತ್ತು. ಹನಿ ಬಿದ್ದ ಸದ್ದಿಗೆ ಎದ್ದು ಓಡಿ ಟಾರ್ಪಾಲು ಎಳೆದು ಬಂದವರು ಉಳಿದ ರೊಟ್ಟಿಯನ್ನು ಅಗಿಯದೆಯೇ ನುಂಗಿದರು. ಸಂಜೆಗೆ ಎದೆಯುರಿ, ಹುಳಿತೇಗು. ಮನೆಮಂದಿಯೆಲ್ಲ ಚಟ್ನಿಯ ಖಾರವನ್ನು ದೂರಿದರು. ಕೊಯ್ಲು ಮುಗಿದ ಮೇಲೆ ಅದೇ ರೊಟ್ಟಿ, ಅದೇ ಚಟ್ನಿ ಅವರಿಗೆ ಸಲೀಸಾಗಿ ಅರಗುತ್ತಿತ್ತು.

ಶರೀರಶಾಸ್ತ್ರದ ಮಾತೂ ಇದಕ್ಕೆ ದೂರವಿಲ್ಲ. ಭಯವೋ ಆತಂಕವೋ ಆವರಿಸಿದಾಗ ರಕ್ತವು ಜೀರ್ಣಾಂಗಗಳಿಂದ ಸ್ನಾಯುಗಳತ್ತ ಹರಿಯುತ್ತದೆ, ಜಠರ ಬರಿದಾಗುವುದು ತಡವಾಗುತ್ತದೆ, ದೊಡ್ಡ ಕರುಳು ಮಾತ್ರ ಚುರುಕಾಗುತ್ತದೆ. ಪರೀಕ್ಷೆಯ ದಿನ ಮಕ್ಕಳು ಮತ್ತೆಮತ್ತೆ ಶೌಚಕ್ಕೆ ಓಡುವುದು ಇದರಿಂದಲೇ. 1822ರಲ್ಲಿ ಗುಂಡೇಟು ತಗುಲಿ ಜಠರದಲ್ಲಿ ರಂಧ್ರ ಉಳಿದುಹೋದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನನ್ನು ವರ್ಷಗಟ್ಟಲೆ ಪರೀಕ್ಷಿಸಿದ ವೈದ್ಯ ವಿಲಿಯಂ ಬ್ಯೂಮಾಂಟ್, ಕೋಪ ಬಂದಾಗ ಜೀರ್ಣಕ್ರಿಯೆ ಕೆಡುವುದನ್ನು ಗುರುತಿಸಿದ್ದರು. ಅಲ್ಲಿಯೂ ದೋಷ ಅನ್ನದ್ದಾಗಿರಲಿಲ್ಲ.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಜಠರದ ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವಾಗುತ್ತದೆಂದು ತೋರಿಸಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಪ್ರಾಣಾಯಾಮಕ್ಕೆ ಕೂರದೆ ವೈದ್ಯರ ಬಳಿಗೆ ಹೋಗಿ.

ಸಮಯ ಮೀರುತ್ತಿರುವುದರಿಂದ, ಮನುಷ್ಯನನ್ನು ಐದು ಪದರಗಳಾಗಿ ಕಾಣುವ ಪಂಚಕೋಶಗಳನ್ನು ವಿಸ್ತರಿಸಲಾರೆ. ದೇಹದ ಪದರವಾದ ಅನ್ನಮಯ ಮತ್ತು ಮನಸ್ಸಿನ ಪದರವಾದ ಮನೋಮಯಗಳ ನಡುವೆ ಪ್ರಾಣದ ಪದರವಾದ ಪ್ರಾಣಮಯವಿದೆ, ಎರಡನ್ನೂ ಮುಟ್ಟಲು ಉಸಿರೇ ದಾರಿ ಎಂಬುದಷ್ಟನ್ನು ನೆನಪಿಡಿ. ಎಲೆಯ ಮುಂದೆ ಕುಳಿತು, ಹೊರಬಿಡುವ ಉಸಿರನ್ನು ನೀಳವಾಗಿಸಿ ಕೆಲವು ಸಲ ಉಸಿರಾಡಿ, ಆಮೇಲೆ ಮೊದಲ ತುತ್ತಿಗೆ ಕೈಹಾಕಿ. ಕೊಯ್ಲಿನ ದಿನಗಳಲ್ಲಿ ಇದು ಕಷ್ಟವೆಂದು ಬಲ್ಲೆ. ಯಜಮಾನರು ಉಣ್ಣುವಷ್ಟು ಹೊತ್ತು ಕಣದ ಹೊಣೆಯನ್ನು ಮನೆಯ ಬೇರೊಬ್ಬರು ಹೊತ್ತರೆ ಅದೂ ಸಾಧ್ಯವಾಗುತ್ತದೆ.