ಕಾರ್ಬನ್ ಆಮೇಲೆ, ಮೊದಲು ಅಚ್ಚು!

ನಮಸ್ಕಾರ. ಇವತ್ತು ಗ್ಲೌಸ್ ಇಲ್ಲ, ಮಾಸ್ಕ್ ಇಲ್ಲ, ಕೈಯಲ್ಲಿ ಕೆಲಸ ಇಲ್ಲ. ಬರೀ ಮೈಕ್ ಮುಂದೆ ಕೂತಿದೀನಿ. ಯಾಕಂದ್ರೆ ತಲೆ ಕೆಟ್ಟಿದೆ.

ಕಳೆದ ವಿಡಿಯೋ ಕೆಳಗೆ ಒಬ್ಬ ಮಹಾಶಯರು ಬರೆದಿದಾರೆ: "ಗುರು, ಮೂರು ವಿಡಿಯೋ ಆಯ್ತು, ಬರೀ ಉಜ್ಜೋದೇ ನೋಡ್ತಿದೀವಿ. ಕಾರ್ಬನ್ ಫೈಬರ್ ಯಾವಾಗ? ಇದು ಬೈಕ್ ಚಾನೆಲ್ಲೋ ಪಾತ್ರೆ ತೊಳೆಯೋ ಚಾನೆಲ್ಲೋ?" ಆ ಕಾಮೆಂಟ್‌ಗೆ ಬಂದಿರೋ ಲೈಕ್ ನನ್ನ ವಿಡಿಯೋಗೇ ಬಂದಿಲ್ಲ. ಮೊದಲು ಅದಕ್ಕೊಂದು ಲೈಕ್ ಒತ್ತಿ, ಆಮೇಲೆ ಮಾತಾಡೋಣ.

ಸ್ವಾಮಿ, ಮನೇಲಿ ಕಾರ್ಬನ್ ಪಾರ್ಟ್ ಮಾಡೋದು ಅಂದ್ರೆ ಅಚ್ಚು ಮಾಡೋದು. ಕಾರ್ಬನ್ ಹಾಸೋದು ಒಂದು ಸಂಜೆ ಕೆಲಸ. ಅಚ್ಚು ಮೂರು ವಾರ. ನೀವು ಮದುವೆ ಊಟಕ್ಕೆ ಮಾತ್ರ ಬರೋರು, ನಾನು ಚಪ್ಪರ ಹಾಕೋನು.

ಕಾರ್ಬನ್ ಫೈಬರ್ ಅಂದ್ರೆ ಏನು? ಬಟ್ಟೆ. ಸಾಮಾನ್ಯವಾಗಿ ಸಿಗೋ 3ಕೆ ಬಟ್ಟೆ ಬಿಚ್ಚಿ ನೋಡಿದ್ರೆ ಒಂದೊಂದು ಎಳೇಲಿ 3,000 ತಂತು. ಒಂದೊಂದು ತಂತು ಸುಮಾರು 7 ಮೈಕ್ರಾನ್, ತಲೆಗೂದಲ ಹತ್ತನೇ ಒಂದು ಭಾಗದಷ್ಟು ದಪ್ಪ. ಹೊಗಳೋಣ, ಬೇಡ ಅನ್ನಲ್ಲ. ಅದನ್ನ ಅಚ್ಚಿನಲ್ಲಿ ಹಾಸಿ, ಎಪಾಕ್ಸಿ ಅನ್ನೋ ಗಟ್ಟಿಯಾಗೋ ಅಂಟು, ಅಂದ್ರೆ ರೆಸಿನ್, ಕುಡಿಸಿದ್ರೆ ಪಾರ್ಟ್. ಆದರೆ ಆ ಬಟ್ಟೆಗೆ ಸ್ವಂತ ಬುದ್ಧಿ ಇಲ್ಲ. ಅಚ್ಚು ಏನು ಹೇಳತ್ತೋ ಅದನ್ನೇ ಒಪ್ಪಿಸತ್ತೆ. ನೀವು ಬಾಯಿ ಬಿಟ್ಕೊಂಡು ನೋಡೋ ಆ ಹೊಳಪು ಇದೆಯಲ್ಲ, ಅದು ಕಾರ್ಬನ್ನಿಂದಲ್ಲ. ಅಚ್ಚಿಗೆ ತಾಗಿಕೊಂಡಿದ್ದ ಮೈಗೆ ಅಚ್ಚು ಕೊಟ್ಟಿರೋ ಹೊಳಪು.

ಇದು ನೋಡಿ, ನನ್ನ ಮೊದಲನೇ ಫ್ರಂಟ್ ಮಡ್‌ಗಾರ್ಡ್. ದೂರದಿಂದ ರಾಜಕುಮಾರ. ಈಗ ಲೈಟಿಗೆ ಓರೆಯಾಗಿ ಹಿಡೀತೀನಿ. ಬೋಲ್ಟ್ ತೂತಿನ ಪಕ್ಕ, ಒಂದಿಂಚು ಉದ್ದದ ಗೀರು ಕಾಣ್ತಾ? ಈ ಮಡ್‌ಗಾರ್ಡ್‌ಗೆ ಯಾರೂ ಗೀರಿಲ್ಲ. ಆ ಗೀರು ಇದ್ದಿದ್ದು ಪ್ಲಗ್‌ನಲ್ಲಿ, ಅಂದ್ರೆ ಅಚ್ಚು ತೆಗೆಯೋಕೆ ಅಂತ ರೆಡಿ ಮಾಡ್ಕೊಂಡ ಮೂಲ ತುಂಡಲ್ಲಿ. 120ನೇ ನಂಬರ್ ಸ್ಯಾಂಡ್‌ಪೇಪರ್ ಎಳೆದ ಗೀರು. ಅಚ್ಚು ತೆಗೆಯೋವಾಗ ಪ್ಲಗ್ ಮೇಲೆ ಮೊದಲು ಬಳಿಯೋ ರೆಸಿನ್ ಪದರ ಇದೆಯಲ್ಲ, ಜೆಲ್‌ಕೋಟ್, ಅದು ನುಂಗಿಹಾಕತ್ತೆ ಬಿಡು ಅಂದ್ಕೊಂಡೆ. ನುಂಗಲಿಲ್ಲ. ಅಚ್ಚಿನಲ್ಲಿ ಅದೇ ಗೀರು ಏಣಾಗಿ ಎದ್ದಿತು, ಪಾರ್ಟ್‌ಗೆ ಬರೋ ಹೊತ್ತಿಗೆ ಮತ್ತೆ ಗೀರಾಯ್ತು. ತಾತನ ಮೂಗು ಮೊಮ್ಮಗನಿಗೆ ಬಂದ ಹಾಗೆ.

ಅದಕ್ಕೇ ಉಜ್ಜೋದು! 240, 400, 800, 1200, 2000. ಒಂದು ನಂಬರ್ ಹಾರಿಸಿದ್ರೂ ಹಿಂದಿನ ಗೀರು ಉಳಿಯತ್ತೆ. ಆಮೇಲೆ ಪಾಲಿಶ್. ಆಮೇಲೆ ಮೇಣ. ಹೊಸ ಅಚ್ಚಿಗೆ ನಾನು ಆರು ಕೋಟ್ ಹಾಕ್ತೀನಿ, ನಡುನಡುವೆ ಕಾಯ್ತೀನಿ. ಒಂದ್ಸಲ ಎರಡೇ ಕೋಟ್ ಹಾಕಿ ಕೆಲಸ ಮುಗಿಸಿದ್ದೆ. ಪಾರ್ಟ್ ಅಚ್ಚಿಗೆ ಅಂಟಿದ್ದು ಅಂಟಿದ್ದೇ. ಪ್ಲಾಸ್ಟಿಕ್ ಬೆಣೆ ಹೊಡೆದೆ, ಬಿಸಿನೀರು ಸುರಿದೆ, ಕೊನೆಗೆ ಸುತ್ತಿಗೆ ತಗೊಂಡೆ. ಚಟ್ ಅಂತ ಸದ್ದು ಬಂತು. ಖುಷಿಯಾಯ್ತು. ನೋಡಿದ್ರೆ ಬಿಟ್ಟಿದ್ದು ಪಾರ್ಟ್ ಅಲ್ಲ, ಸೀಳಿದ್ದು ಅಚ್ಚು. ಅದೂ ಒಂದೇ ತುಂಡಿನ ಅಚ್ಚು! ಮಡ್‌ಗಾರ್ಡ್ ಅಂಚು ಟೈರಿನ ಕಡೆ ಒಳಕ್ಕೆ ಬಾಗಿರತ್ತೆ, ಒಂದೇ ತುಂಡಿನ ಅಚ್ಚಲ್ಲಿ ಸಿಕ್ಕಿಹಾಕ್ಕೊಳತ್ತೆ. ನಡುವೆ ಎರಡು ಹೋಳು ಮಾಡಿ, ಅಂಚಿಗೆ ಪಟ್ಟಿ ಬಿಟ್ಟು, ಬೋಲ್ಟ್ ಹಾಕಿ ಜೋಡಿಸೋ ಅಚ್ಚು ಬೇಕು ಅದಕ್ಕೆ. ಎರಡು ಪಟ್ಟಿ ಉಳಿಸೋಕೆ ಹೋಗಿ ಎರಡು ವಾರ ಕಳಕೊಂಡೆ. ಆ ವಿಡಿಯೋ ಮೆಂಬರ್‌ಗಳಿಗೆ ಮಾತ್ರ ಇದೆ. ನಾನು ಅಳೋದು ಸಾರ್ವಜನಿಕರಿಗೆ ಫ್ರೀ ಇಲ್ಲ.

ಈಗ ಬುದ್ಧಿವಂತರು ಬರ್ತಾರೆ. "ಅಣ್ಣ, ಅಚ್ಚೇ ಬೇಡ, ಕಂಪನಿ ಪ್ಲಾಸ್ಟಿಕ್ ಪಾರ್ಟ್ ಮೇಲೇ ಕಾರ್ಬನ್ ಬಟ್ಟೆ ಅಂಟಿಸಿ ಎಪಾಕ್ಸಿ ಹೊಡೀರಿ." ಓಹೋ! ಒಳಗಿನ ಪ್ಲಾಸ್ಟಿಕ್ ಎಲ್ಲಿ ಹೋಯ್ತು? ಅಲ್ಲೇ ಇದೆ. ಅದರ ಮೇಲೆ ಬಟ್ಟೆ, ಬಟ್ಟೆ ಮೇಲೆ ರೆಸಿನ್, ರೆಸಿನ್ ಮೇಲೆ ಲ್ಯಾಕರ್. ತೂಕ ಇಳಿಸೋಕೆ ಹೊರಟು ತೂಕ ಏರಿಸಿದ ಮಹಾನುಭಾವರು ನೀವು. ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್ ಆಗಿದ್ರಂತೂ ಎಪಾಕ್ಸಿ ಅದನ್ನ ನೆಟ್ಟಗೆ ಹಿಡಿಯೋದೇ ಇಲ್ಲ, ಒಂದಿನ ಸಿಪ್ಪೆ ಥರ ಎದ್ದು ಬರತ್ತೆ. ಅಲಂಕಾರ ಅನ್ನಿ, ಒಪ್ತೀನಿ. ಕಾರ್ಬನ್ ಪಾರ್ಟ್ ಅನ್ನಬೇಡಿ.

ಇನ್ನೊಬ್ಬರು: "3ಡಿ ಪ್ರಿಂಟ್ ಮಾಡಿ ಅಚ್ಚು ತೆಗೀರಿ." ತೆಗೀರಿ! ಪ್ರಿಂಟರ್ ಬಿಟ್ಟ ಗೆರೆಗೆರೆ ಮುಚ್ಚೋಕೆ ಫಿಲ್ಲರ್ ಹಚ್ಚಬೇಕು. ಹಚ್ಚಿದ ಮೇಲೆ ಏನ್ ಮಾಡಬೇಕು? ಜೋರಾಗಿ ಹೇಳಿ. ಉಜ್ಜಬೇಕು! ಬನ್ನಿ, ಪಾತ್ರೆ ತೊಳೆಯೋ ಸಂಘಕ್ಕೆ ಸ್ವಾಗತ.

"ವ್ಯಾಕ್ಯೂಮ್ ಪಂಪ್ ಇದ್ರೆ ಎಲ್ಲ ಸರಿಹೋಗತ್ತೆ" ಅನ್ನೋರೂ ಇದಾರೆ. ಪಂಪ್ ನನ್ನ ಹತ್ರನೂ ಇದೆ, ಒಳ್ಳೇ ಸಾಮಾನು. ಅಚ್ಚಿನ ಮೇಲೆ ಮುಚ್ಚೋ ಪ್ಲಾಸ್ಟಿಕ್ ಬ್ಯಾಗ್ ಒಳಗಿನ ಗಾಳಿ ಪೂರ್ತಿ ಎಳೆದರೆ ಹೊರಗಿನ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 10 ಟನ್ ಭಾರದಷ್ಟು ಒತ್ತತ್ತೆ. ಎಲ್ಲಿಗೆ ಒತ್ತತ್ತೆ? ಅಚ್ಚಿಗೆ! ಅಚ್ಚು ಸೊಟ್ಟಗಿದ್ರೆ 10 ಟನ್ ಭಾರದಲ್ಲಿ ಸೊಟ್ಟಗೆ ಒತ್ತತ್ತೆ.

ಮತ್ತೆ ಬ್ರಹ್ಮಾಸ್ತ್ರ: "ಜಾನ್ ಬ್ರಿಟನ್ ಮನೇಲೇ ಬೈಕ್ ಮಾಡಲಿಲ್ವಾ?" ಮಾಡಿದ್ರು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ, ಕೆಲವೇ ಜನರನ್ನ ಕಟ್ಕೊಂಡು, ವಿ1000 ಅನ್ನೋ ರೇಸ್ ಬೈಕ್. ಅದರ ಚಕ್ರ, ಮುಂದಿನ ಫೋರ್ಕ್ ಕೂಡ ಕಾರ್ಬನ್. 1995ರಲ್ಲಿ ತೀರಿಕೊಂಡರು, ಇವತ್ತಿಗೂ ಆ ಬೈಕ್ ಫೋಟೋ ನೋಡಿದ್ರೆ ನನ್ನ ಮೈ ಜುಮ್ಮನ್ನತ್ತೆ. ಆದರೆ ಬೈಕಿನ ಹೊರಮೈಗೆ ಅವರು ಮೊದಲು ಏನ್ ಮಾಡಿದ್ರು? ತಂತಿ ಬಗ್ಗಿಸಿ, ಹಾಟ್ ಗ್ಲೂ ಹಾಕಿ ಆಕಾರ ಕಟ್ಟಿದ್ರು. ಆಕಾರ ಮೊದಲು! ಬ್ರಿಟನ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸೋಕೆ ಬರಬೇಡಿ, ಅವರು ನನ್ನ ಪಾರ್ಟಿ. ಹಾಗೇ, ಅವರು ಮಾಡಿದ್ರು ಅಂತ ನೀವು ಹ್ಯಾಂಡಲ್‌ಬಾರು, ಚಕ್ರಕ್ಕೆ ಕೈ ಹಾಕಬೇಡಿ. ಕಾರ್ಬನ್ ಕಬ್ಬಿಣದ ಥರ ಬಗ್ಗಿ ಎಚ್ಚರಿಕೆ ಕೊಡಲ್ಲ, ಸೀದಾ ಮುರಿಯತ್ತೆ. ಮಡ್‌ಗಾರ್ಡ್, ಟೈಲ್ ಕವರ್, ಟ್ಯಾಂಕ್ ಕವರ್, ಅಲ್ಲಿಗೆ ನಿಲ್ಲಿಸಿ. ಒಣ ಧೂಳು ಎಬ್ಬಿಸಬೇಡಿ, ನೀರು ಹಾಕಿ ಉಜ್ಜಿ. ಬರಿಗೈಲಿ ಎಪಾಕ್ಸಿ ಮುಟ್ಟಬೇಡಿ, ಒಂದ್ಸಲ ಅಲರ್ಜಿ ಹತ್ತಿದ್ರೆ ಜನ್ಮಕ್ಕೆ ಅಂಟ್ಕೊಳತ್ತೆ. ಹಾಂ, ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಸುರಿಯೋ ಶೂರರೇ, ಎಪಾಕ್ಸಿಲಿ ಹಾಗಾಗಲ್ಲ. ಮೆತ್ತಗೇ ಉಳಿಯತ್ತೆ. ತಕ್ಕಡಿಲಿ ತೂಗಿ ಹಾಕಿ.

ಎಲ್ಲಿದ್ದೆ? ಅಚ್ಚು. ನಮ್ಮ ಭಾಷೇಲೇ ಇದೆ ನೋಡಿ, ಅಚ್ಚುಕಟ್ಟು. ಅಚ್ಚುಮೆಚ್ಚು. ಯಾರಾದ್ರೂ ಕಾರ್ಬನ್‌ಕಟ್ಟು ಅಂತಾರಾ? ಇದಕ್ಕಿಂತ ಇನ್ನೇನು ಪುರಾವೆ ಬೇಕು! ಇದು ಪುರಾವೆ ಅಲ್ಲ ಅಂತ ಗೊತ್ತು, ಕಾಮೆಂಟ್ ಬರೀಬೇಡಿ. ಬರೀರಿ, ಬರೀರಿ, ಬರೆದ್ರೆ ವಿಡಿಯೋ ನಾಲ್ಕು ಜನಕ್ಕೆ ಹೋಗತ್ತೆ. 'ಮೊದಲು ಅಚ್ಚು' ಅಂತ ಟೀ-ಶರ್ಟ್ ಮಾಡಿಸಿದೀನಿ, ಲಿಂಕ್ ಕೆಳಗಿದೆ. ಅಕ್ಷರ ಒಂಚೂರು ಸೊಟ್ಟ ಬಂದಿದೆ. ಅವರ ಅಚ್ಚು ಸರಿ ಇರಲಿಲ್ಲ.

ಟೈಮರ್ ಹೊಡ್ಕೊಳ್ತಿದೆ. ಟೈಲ್ ಕವರ್ ಅಚ್ಚಿಗೆ ಐದನೇ ಕೋಟ್ ಮೇಣ ಹಾಕೋ ಹೊತ್ತು. ಮುಂದಿನ ವಿಡಿಯೋಲಿ ಕಾರ್ಬನ್ ಇರತ್ತಾ ಅಂತ ಕೇಳ್ತೀರಿ, ಗೊತ್ತು. ಇರಲ್ಲ. ಆರನೇ ಕೋಟ್ ಇರತ್ತೆ.