ದ್ರವದ ಸುಳಿ, ಕಣದ ಸ್ಪಿನ್

ಶ್ರೋತೃಗಳಿಗೆ ನಮಸ್ಕಾರ. ಬೆಳಕಿನ ವೇಗದ ಸಮೀಪದಲ್ಲಿ ಹರಿಯುವ ದ್ರವಗಳನ್ನೂ ಅವುಗಳೊಳಗಿನ ಕಣಗಳ ಸ್ಪಿನ್ನನ್ನೂ ಕುರಿತು ಮಾತನಾಡಬೇಕೆಂದು ನಿಲಯದವರು ನನ್ನನ್ನು ಕೇಳಿದ್ದಾರೆ. ವಿಷಯ ಕೇಳಿದೊಡನೆ ರೇಡಿಯೊ ಆರಿಸಲು ಕೈ ಚಾಚಿದವರು ದಯವಿಟ್ಟು ತುಸು ತಾಳಬೇಕು, ಏಕೆಂದರೆ ನಾನು ಹೇಳಲಿರುವುದು ಒಂದೇ ಒಂದು ಮಾತು. ತಿರುಗುವಿಕೆ ಎಲ್ಲಿಯೂ ಕಳೆದುಹೋಗುವುದಿಲ್ಲ. ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ, ಅಷ್ಟೆ. ಇಡೀ ವಸ್ತುವಿನ ತಿರುಗಾಟ ಮೊದಲನೆಯ ಜೇಬು. ಅದರೊಳಗಿನ ಪ್ರತಿಯೊಂದು ಕಣಕ್ಕೂ ಹುಟ್ಟಿನಿಂದಲೇ ಬಂದಿರುವ ಸ್ಪಿನ್ ಎರಡನೆಯದು. ಕಣ ನಿಜಕ್ಕೂ ತನ್ನ ಸುತ್ತ ತಾನು ತಿರುಗುತ್ತದೆಯೇ ಎಂಬ ಪ್ರಶ್ನೆ ಪ್ರತಿ ಉಪನ್ಯಾಸದಲ್ಲೂ ತಪ್ಪದೆ ಏಳುತ್ತದೆ. ಇಂದು ಅದನ್ನು ಬದಿಗಿಡೋಣ. ಎರಡೂ ಕಡೆ ಇರುವುದು ಕೋನೀಯ ಸಂವೇಗವೇ, ಅಂದರೆ ತಿರುಗುವಿಕೆಯ ಪ್ರಮಾಣವೇ, ಎರಡನ್ನೂ ಕೂಡಿದ ಮೊತ್ತ ಬದಲಾಗುವುದಿಲ್ಲ. ನಮಗೆ ಬೇಕಾದದ್ದು ಇಷ್ಟೇ.

ಈ ಮಾತಿಗೆ ಮೊದಲ ಸಾಕ್ಷಿ ದೊರೆತದ್ದು 1915ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಕೈಯಿಂದಲೇ ನಡೆಸಿದ ಪ್ರಯೋಗವೊಂದರಲ್ಲಿ. ಐನ್‌ಸ್ಟೈನ್ ಎಂದರೆ ಕಾಗದ ಮತ್ತು ಪೆನ್ಸಿಲ್ ಎಂದಷ್ಟೇ ತಿಳಿದವರಿಗೆ ಇದು ಅಚ್ಚರಿ ಎನಿಸಬಹುದು. ಬರ್ಲಿನ್ನಿನಲ್ಲಿ ಅವರೂ ಡಚ್ ವಿಜ್ಞಾನಿ ವಾಂಡರ್ ಡಿ ಹಾಸ್ ಅವರೂ ಒಂದು ಸಣ್ಣ ಕಬ್ಬಿಣದ ಸಿಲಿಂಡರನ್ನು ತೆಳುವಾದ ಎಳೆಯೊಂದರಿಂದ ತೂಗುಬಿಟ್ಟು, ಅದರ ಸುತ್ತ ತಂತಿಯ ಸುರುಳಿಯನ್ನಿಟ್ಟು, ವಿದ್ಯುತ್ತಿನ ದಿಕ್ಕನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋದರು. ಪ್ರತಿ ಬಾರಿಯೂ ಕಬ್ಬಿಣದ ಕಾಂತತೆ ಹಿಂದುಮುಂದಾಗುತ್ತಿತ್ತು, ಒಳಗಿನ ಎಲೆಕ್ಟ್ರಾನುಗಳ ತಿರುಗುವಿಕೆಯ ದಿಕ್ಕೂ ಬದಲಾಗುತ್ತಿತ್ತು. ಒಳಗೆ ಹೆಚ್ಚುಕಡಿಮೆಯಾದದ್ದನ್ನು ಸರಿದೂಗಿಸಲು ಇಡೀ ಸಿಲಿಂಡರೇ ನವಿರಾಗಿ ತಿರುಗಬೇಕಾಗುತ್ತಿತ್ತು. ಸಿಲಿಂಡರಿನೊಂದಿಗೆ ತಿರುಗುವ ಪುಟ್ಟ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕು ಅಳತೆಪಟ್ಟಿಯ ಮೇಲೆ ಅತ್ತಿತ್ತ ಸರಿದಾಡಿತು. ಅದನ್ನೇ ಅವರು ಅಳೆದರು.

ನನಗೆ ಬಹಳ ಪ್ರಿಯವಾದ ಭಾಗ ಇನ್ನು ಮುಂದಿನದು. ಎಲೆಕ್ಟ್ರಾನುಗಳು ಪರಮಾಣುವಿನೊಳಗೆ ವೃತ್ತಾಕಾರದಲ್ಲಿ ಸುತ್ತುವುದೇ ಕಾಂತತೆಗೆ ಕಾರಣವೆಂದು ಅವರು ನಂಬಿದ್ದರು, ಆ ಲೆಕ್ಕದಂತೆ ಅವರು ಅಳೆದ, ಕಾಂತತೆಗೂ ತಿರುಗುವಿಕೆಗೂ ಇರುವ ಅನುಪಾತ 1 ಬರಬೇಕಿತ್ತು. ಅವರಿಗೆ ಎರಡು ಬೆಲೆಗಳು ದೊರೆತವು: ಒಂದು 1.45, ಇನ್ನೊಂದು 1.02. ಮೊದಲನೆಯದು ನಂಬಲರ್ಹವಲ್ಲವೆಂದು ಬಿಟ್ಟು, ಎರಡನೆಯದು ಸಿದ್ಧಾಂತಕ್ಕೆ ಚೆನ್ನಾಗಿ ಹೊಂದುತ್ತದೆಂದು ಪ್ರಕಟಿಸಿದರು. ಅನಂತರದ ವರ್ಷಗಳಲ್ಲಿ ಬೇರೆಯವರು ಅಳೆದಾಗ ಬಂದದ್ದು 2ರ ಹತ್ತಿರದ ಬೆಲೆ! ಕಬ್ಬಿಣದ ಕಾಂತತೆ ಬಹುಮಟ್ಟಿಗೆ ಎಲೆಕ್ಟ್ರಾನಿನ ಸ್ಪಿನ್ನಿನಿಂದ ಬರುವಂಥದ್ದು, ಆದರೆ ಸ್ಪಿನ್ ಎಂಬ ಕಲ್ಪನೆಯನ್ನು ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮುಂದಿಟ್ಟದ್ದು 1925ರಲ್ಲಿ. ಅಂದರೆ ಸ್ಪಿನ್ ಹತ್ತು ವರ್ಷ ಮೊದಲೇ ಬಂದು ಐನ್‌ಸ್ಟೈನರ ಅಳತೆಪಟ್ಟಿಯ ಮೇಲೆ ನಿಂತಿತ್ತು, ಅದರ ಗುರುತು ಹಿಡಿಯುವವರು ಇರಲಿಲ್ಲ. ಅದೇ 1915ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಾರ್ನೆಟ್ ಇದರ ತದ್ವಿರುದ್ಧವನ್ನು ತೋರಿಸಿದರು: ಕಬ್ಬಿಣದ ಸರಳನ್ನು ವೇಗವಾಗಿ ತಿರುಗಿಸಿದಾಗ, ಹೊರಗಿನ ಕಾಂತದ ನೆರವಿಲ್ಲದೆಯೇ ಅದು ತಾನೇ ಕಾಂತವಾಯಿತು. ಜೇಬು ಎರಡೂ ಕಡೆಗೆ ತೆರೆದಿದೆ ಎಂದಾಯಿತಲ್ಲ!

ಕಬ್ಬಿಣ ಘನವಸ್ತುವಾಯಿತು, ದ್ರವದಲ್ಲಿ ಹೀಗಾಗುವುದೇ? ಆಗುತ್ತದೆ. ಪಾದರಸವನ್ನು ಸಣ್ಣ ಕೊಳವೆಯಲ್ಲಿ ಹರಿಸಿದಾಗ ಅದರ ಸುಳಿಗಳು ಎಲೆಕ್ಟ್ರಾನುಗಳ ಸ್ಪಿನ್ನನ್ನು ಒಂದು ದಿಕ್ಕಿಗೆ ಓರೆಯಾಗಿಸುತ್ತವೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2016ರಲ್ಲಿ ವಿದ್ಯುತ್ ಸಂಕೇತದ ರೂಪದಲ್ಲಿ ಹಿಡಿದು ತೋರಿಸಿದರು.

ಈಗ ಪಾದರಸವನ್ನು ಬಿಟ್ಟು, ಮನುಷ್ಯ ಪ್ರಯೋಗಾಲಯದಲ್ಲಿ ತಯಾರಿಸಿದ ದ್ರವಗಳಲ್ಲೆಲ್ಲ ಅತ್ಯಂತ ವಿಚಿತ್ರವಾದುದಕ್ಕೆ ಬರೋಣ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿರುವ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 2000ದಿಂದ ಚಿನ್ನದ ನ್ಯೂಕ್ಲಿಯಸ್ಸುಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸಲಾಯಿತು. ಡಿಕ್ಕಿಯಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಕರಗಿ, ಅವುಗಳೊಳಗಿನ ಇನ್ನೂ ಸಣ್ಣ ಕಣಗಳಾದ ಕ್ವಾರ್ಕ್ ಮತ್ತು ಗ್ಲುಆನುಗಳ ದ್ರವ ಕ್ಷಣಕಾಲ ಹುಟ್ಟುತ್ತದೆ. ಅದರ ತಾಪ ಲಕ್ಷ ಕೋಟಿ ಡಿಗ್ರಿಗಳನ್ನೂ ಮೀರಿದ್ದು. ಎರಡು ನ್ಯೂಕ್ಲಿಯಸ್ಸುಗಳು ನೇರವಾಗಿ ಹೊಡೆಯದೆ ಅಂಚಿಗೆ ಅಂಚು ಉಜ್ಜಿಕೊಂಡು ಹೋದರೆ, ನಡುವೆ ಉಳಿದ ದ್ರವ ಭೀಕರವಾಗಿ ಸುಳಿಯಬೇಕು. ಹಾಗಿದ್ದರೆ ಆ ತಿರುಗುವಿಕೆ ಕಣಗಳ ಸ್ಪಿನ್ನಿಗೂ ಇಳಿಯಬೇಕೆಂದು ಸಿದ್ಧಾಂತಿಗಳಾದ ಲಿಯಾಂಗ್ ಮತ್ತು ವಾಂಗ್ 2005ರಲ್ಲೇ ಹೇಳಿದ್ದರು. ಜೇಬಿನ ನಿಯಮ ಇಲ್ಲಿಯೂ ಅದೇ.

ಅದನ್ನು ನೋಡುವ ಬಗೆ ಬಹಳ ಸೊಗಸಾದುದು. ದ್ರವ ಆರಿದಾಗ ಹೊರಬರುವ ಕಣಗಳಲ್ಲಿ ಲ್ಯಾಮ್ಡಾ ಎಂಬುದೊಂದು. ಅದು ಸ್ವಲ್ಪ ದೂರ ಹೋಗಿ ಒಂದು ಪ್ರೋಟಾನು, ಪಯಾನ್ ಎಂಬ ಒಂದು ಹಗುರ ಕಣ ಆಗಿ ಒಡೆಯುತ್ತದೆ. ಒಡೆಯುವಾಗ ಪ್ರೋಟಾನು, ಲ್ಯಾಮ್ಡಾದ ಸ್ಪಿನ್ ಯಾವ ಕಡೆಗಿತ್ತೋ ಆ ಕಡೆಗೇ ಹಾರಲು ಹೆಚ್ಚು ಒಲವು ತೋರಿಸುತ್ತದೆ. ಆದ್ದರಿಂದ ಸಾವಿರಾರು ಪ್ರೋಟಾನುಗಳ ದಿಕ್ಕನ್ನು ಗುರುತು ಹಾಕಿಕೊಂಡರೆ ಸತ್ತುಹೋದ ಲ್ಯಾಮ್ಡಾಗಳ ಸ್ಪಿನ್ ಯಾವ ಕಡೆಗೆ ವಾಲಿತ್ತೆಂದು ತಿಳಿಯುತ್ತದೆ. ಬ್ರೂಕ್‌ಹೇವನ್ನಿನ ಸ್ಟಾರ್ ಎಂಬ ತಂಡ 2017ರಲ್ಲಿ ಫಲಿತಾಂಶ ಪ್ರಕಟಿಸಿತು: ವಾಲಿಕೆ ಇದೆ, ಸುಳಿಯ ದಿಕ್ಕಿಗೇ ಇದೆ. ಅದರಿಂದ ಲೆಕ್ಕ ಹಾಕಿದ ಸುಳಿಯ ತೀವ್ರತೆ ಸೆಕೆಂಡಿಗೆ 9ರ ಮುಂದೆ 21 ಸೊನ್ನೆ. ನಮಗೆ ತಿಳಿದಿರುವ ಯಾವ ದ್ರವವೂ ಇಷ್ಟು ಸುಳಿದದ್ದಿಲ್ಲ.

ಸಿದ್ಧಾಂತಿಗಳಾದ ನಮಗೆ ಇದರಿಂದ ಕೆಲಸ ಹೆಚ್ಚಿತು. ಹಳೆಯ ದ್ರವಚಲನಶಾಸ್ತ್ರ ಶಕ್ತಿಯನ್ನೂ ಸಂವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ಪಿನ್ನಿಗೆ ಅಲ್ಲಿ ಅಂಕಣವೇ ಇಲ್ಲ. ಈಗ ಹೊಸ ಸಮೀಕರಣವೊಂದನ್ನು ಸೇರಿಸಿ, ಹರಿವಿನಿಂದ ಸ್ಪಿನ್ನಿಗೆ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ತಿರುಗುವಿಕೆ ವರ್ಗಾವಣೆಯಾಗುತ್ತದೆ ಎಂದು ಬರೆಯಬೇಕು, ಅದೂ ಸಾಪೇಕ್ಷತಾ ಸಿದ್ಧಾಂತಕ್ಕೆ ಎಲ್ಲಿಯೂ ಭಂಗ ಬರದಂತೆ. ಡಿಕ್ಕಿಯ ಅಕ್ಷದ, ಅಂದರೆ ನ್ಯೂಕ್ಲಿಯಸ್ಸುಗಳು ಓಡಿಬರುವ ಗೆರೆಯ, ದಿಕ್ಕಿನಲ್ಲಿ ಅಳೆದಾಗ ವಾಲಿಕೆಯ ಚಿಹ್ನೆ ನಮ್ಮ ಲೆಕ್ಕಕ್ಕೆ ಉಲ್ಟಾ ಬಂದು 2019ರಲ್ಲಿ ಎಲ್ಲರನ್ನೂ ಕಾಡಿತು. ಸುಳಿಯಷ್ಟೇ ಅಲ್ಲ, ದ್ರವದ ಪದರಗಳು ಒಂದರ ಮೇಲೊಂದು ಜಾರುವುದೂ ಸ್ಪಿನ್ನನ್ನು ವಾಲಿಸುತ್ತದೆಂದು 2021ರಲ್ಲಿ ತೋರಿಸಿದ ಮೇಲೆ ಆ ಗಂಟು ಬಹಳಷ್ಟು ಸಡಿಲವಾಯಿತು.

ಐನ್‌ಸ್ಟೈನರ ಕಥೆಗೆ ಹೆಚ್ಚು ಹೊತ್ತು ಹಿಡಿದದ್ದರಿಂದ ಎಡಗೈ, ಬಲಗೈ ಕಣಗಳ ವಿಷಯವನ್ನು ಓಡಿಸಿಕೊಂಡೇ ಹೇಳಬೇಕಾಗಿದೆ. ಹಗುರವಾದ ಕ್ವಾರ್ಕಿನ ಸ್ಪಿನ್ ಅದು ಸಾಗುವ ದಿಕ್ಕಿಗೇ ಇದ್ದರೆ ಅದು ಬಲಗೈಯದು, ವಿರುದ್ಧವಾಗಿದ್ದರೆ ಎಡಗೈಯದು. ಬಲಗೈಯವು ಹೆಚ್ಚಾಗಿರುವ ದ್ರವದಲ್ಲಿ ಕಾಂತಕ್ಷೇತ್ರವಿದ್ದರೆ ಆ ಕ್ಷೇತ್ರದ ಗುಂಟವೇ ವಿದ್ಯುತ್ ಹರಿಯಬೇಕು. ಸುಳಿಯಿದ್ದರೆ ಸುಳಿಯ ಅಕ್ಷದ ಗುಂಟ ಕಣಗಳು ಹರಿಯಬೇಕು. ಬಲಗೈಯ ಕಣದ ಸ್ಪಿನ್ನನ್ನು ಒಂದು ಕಡೆಗೆ ತಿರುಗಿಸಿದರೆ ಕಣವೇ ಆ ಕಡೆಗೆ ಹೊರಡುತ್ತದೆ ಎಂಬುದೇ ಇಲ್ಲಿನ ತಿರುಳು. ಜಿರ್ಕೋನಿಯಂ ಪೆಂಟಾಟೆಲ್ಯುರೈಡ್ ಎಂಬ ಸ್ಫಟಿಕದಲ್ಲಿ ಈ ಕಾಂತಪರಿಣಾಮ ಗೋಚರಿಸಿದ್ದು 2016ರಲ್ಲಿ ವರದಿಯಾಯಿತು. ನ್ಯೂಕ್ಲಿಯಸ್ಸುಗಳ ಡಿಕ್ಕಿಯಲ್ಲಿ ಅದನ್ನು ಹಿಡಿಯಲು 2018ರಲ್ಲಿ ರುಥೇನಿಯಂ ಮತ್ತು ಜಿರ್ಕೋನಿಯಂಗಳನ್ನು ಬಳಸಿದರು. ಎರಡರ ನ್ಯೂಕ್ಲಿಯಸ್ಸಿನಲ್ಲೂ ಕಣಗಳ ಸಂಖ್ಯೆ 96; ಆದರೆ ರುಥೇನಿಯಂನಲ್ಲಿ ಪ್ರೋಟಾನುಗಳು ನಾಲ್ಕು ಹೆಚ್ಚಿರುವುದರಿಂದ ಕಾಂತಕ್ಷೇತ್ರವೂ ಹೆಚ್ಚು, ಪರಿಣಾಮವೂ ಹೆಚ್ಚಿರಬೇಕಿತ್ತು. 2021ರಲ್ಲಿ ಫಲಿತಾಂಶ ಬಂದಾಗ, ಮೊದಲೇ ನಿಗದಿಪಡಿಸಿಕೊಂಡಿದ್ದ ಯಾವ ಗುರುತೂ ಕಾಣಿಸಲಿಲ್ಲ. ಆದ್ದರಿಂದ ಡಿಕ್ಕಿಯ ದ್ರವದಲ್ಲಿ ಸುಳಿಯ ಪರಿಣಾಮ ನಮ್ಮ ಕೈಗೆ ಸಿಕ್ಕಿದೆ, ಕಾಂತಕ್ಷೇತ್ರದ್ದು ಇನ್ನೂ ಸಿಕ್ಕಿಲ್ಲ. ನನ್ನ ವೇಳೆ ಮುಗಿಯಿತು. ನಮಸ್ಕಾರ.